ಹಿಟ್ಟು ಕಲಿಯದ ಮರಿಗಳು

ಆಶ್ರಮಕ್ಕೆ ಹೆಸರಿರಲಿಲ್ಲ. ಹೊಳೆಯ ದಂಡೆಯಲ್ಲಿ ಮೂರು ಗುಡಿಸಲು, ಒಂದು ಬೇವಿನ ಮರ, ಮರದ ನೆರಳಲ್ಲಿ ಸಾಲಾಗಿ ನೀರಿನ ತೊಟ್ಟಿಗಳು. ಅಷ್ಟೇ. ದಾರಿ ಕೇಳಿದವರಿಗೆ ಜನ, "ತೆಪ್ಪದಜ್ಜಾರ ಹಂತ್ಯಾಕ ಹೊಂಟೀರೇನು?" ಎಂದು ಕೇಳಿ ಕೈ ತೋರಿಸುತ್ತಿದ್ದರು.

ಅಜ್ಜಾರು ಹರೆಯದಲ್ಲಿ ತೆಪ್ಪ ನಡೆಸಿ ಜನರನ್ನು ಹೊಳೆ ದಾಟಿಸಿದವರು. ಈಗ ತೆಪ್ಪ ಇರಲಿಲ್ಲ, ಹೆಸರು ಮಾತ್ರ ಉಳಿದಿತ್ತು.

ಮಳೆಗಾಲದ ಮೊದಲ ದಿನಗಳು. ಮುಂಜಾನೆ ಮಂಜು ಕವಿದರೆ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಅಂಥ ಒಂದು ಮುಂಜಾನೆ ಹೊಳೆಪ್ಪ ಬಂದು ಅಜ್ಜಾರ ಕಾಲಿಗೆ ಬಿದ್ದ.

"ಅಜ್ಜಾರ, ನನಗ ಸಂಸಾರ ಸಾಕಾಗೈತ್ರಿ. ಇಲ್ಲೇ ಇರತೀನಿ."

"ಸಂಸಾರ ನಿನಗ ಸಾಕಾತೋ, ನೀ ಸಂಸಾರಕ್ಕ ಸಾಕಾದ್ಯೋ?"

ಅಜ್ಜಾರು ಕಾದರು. ಅವರಿಗೆ ಕಾಯುವುದು ರೂಢಿ. ಆಚೆ ದಂಡೆಯಿಂದ ಯಾರಾದರೂ ಕೂಗುವ ತನಕ ತೆಪ್ಪದವನಿಗೆ ಬೇರೆ ಕೆಲಸವಾದರೂ ಏನಿರುತ್ತದೆ?

"ಮಗಳು ಬರಬ್ಯಾಡ ಅಂದಳ್ರಿ," ಎಂದ ಕೊನೆಗೆ.

ಹೊಳೆಪ್ಪ ಪೇಟೆಯಲ್ಲಿ ಖಾನಾವಳಿ ಇಟ್ಟವನು. ಹಾಳೆಯಂಥ ತೆಳ್ಳನೆಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ವಾರಕ್ಕೊಮ್ಮೆ ಮೀನಿನ ಸಾರು. ರುಚಿಗೆ ಎರಡು ಮಾತಿಲ್ಲ. ಆದರೆ ಉಣ್ಣಲು ಕೂತವರಿಗೆ ಒಂದು ಭಯ ಇದ್ದೇ ಇತ್ತು: ಸಾಕು ಎಂಬ ಮಾತು ಅವನ ಕಿವಿಗೆ ಬೀಳುತ್ತಿರಲಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ರೊಟ್ಟಿ ಇಟ್ಟು ಮುಂದೆ ಹೋಗುವ ಆಸಾಮಿ.

ಹೆಂಡತಿ ತೀರಿಕೊಂಡ ಮೇಲೆ ಮಗಳು ಕಾಶವ್ವನನ್ನು ಅದೇ ಒಲೆಯ ಮುಂದೆ ಕೂರಿಸಿಕೊಂಡು, ತುತ್ತು ಮಾಡಿ ಉಣಿಸಿ ಬೆಳೆಸಿದ್ದ. ಹೋದ ವರ್ಷ ಆಚೆ ದಂಡೆಯ ಮೀನುಗಾರರ ಓಣಿಗೆ ಮದುವೆ ಮಾಡಿ ಕೊಟ್ಟ. ಕೊಟ್ಟ ಎನ್ನುವುದು ಮಾತಿಗೆ. ಮದುವೆಯ ಅರಿಶಿನ ಆರುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊಳೆ ದಾಟಲು ಶುರು ಮಾಡಿದ. ಬೀಗರ ಬಾಗಿಲಲ್ಲಿ ಬುತ್ತಿ ಇಳಿಸುವುದು, ಖಾನಾವಳಿಯ ಒಲೆ ಉರಿಯುತ್ತಿದೆ ಎಂದು ಹೇಳಿ ಬಂದ ಕಾಲಲ್ಲೇ ತಿರುಗುವುದು. ಮಳೆ ಬರಲಿ, ಬಿಸಿಲು ಸುಡಲಿ, ಇದು ತಪ್ಪಲಿಲ್ಲ.

ವರ್ಷ ತುಂಬಿದ ಮೇಲೆ ಒಂದು ದಿನ ಕಾಶವ್ವ ಬುತ್ತಿಯನ್ನು ಅವನ ಕೈಗೇ ವಾಪಸು ಇಟ್ಟಳು. "ನಾ ಹೇಳಿ ಕಳಸೂತನಕ ಬರಬ್ಯಾಡಪ್ಪಾ," ಅಂದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಖಾನಾವಳಿಗೆ ಬೀಗ ಹಾಕಿ ಸೀದಾ ಇಲ್ಲಿಗೆ ಬಂದಿದ್ದ.

"ಈ ಮೋಹ ಬಿಡೂ ದಾರಿ ತೋರಸ್ರಿ. ಒಂದು ಮಂತ್ರ ಕೊಡ್ರಿ," ಎಂದು ಕೈ ಮುಗಿದ.

ಅಜ್ಜಾರು ತೊಟ್ಟಿಗಳ ಕಡೆ ನೋಡಿದರು.

"ಮೊದಲ ಮೀನ ಸಾಕು."

ವೈರಾಗ್ಯ ಬೇಡಿ ಬಂದವನಿಗೆ ಮೀನು. ಹೊಳೆಪ್ಪನಿಗೆ ಕಸಿವಿಸಿಯಾಯಿತು. ಆದರೆ ಆ ಆಶ್ರಮದ ಪದ್ಧತಿಯೇ ಹಾಗೆ. ಮಳೆ ಹಿಡಿದಾಗ ಮುರುಗೋಡು ಮೀನಿನ ತತ್ತಿ ತಂದು ತೊಟ್ಟಿಯಲ್ಲಿ ಮರಿ ಮಾಡಿಸುವುದು, ಮರಿ ಬೆರಳುದ್ದ ಆದ ಮೇಲೆ ಮೀನುಗಾರರ ಓಣಿಯ ಹೆಂಗಸರಿಗೆ ಹಂಚುವುದು. ಅವರು ಮನೆಯ ಹಿಂದಿನ ಹೊಂಡದಲ್ಲಿ ಅವನ್ನು ಬೆಳೆಸಿ, ಮಾರಿ, ವರ್ಷ ದೂಡುತ್ತಿದ್ದರು. ಮಂತ್ರ ಬೇಕಾದವರು ಮೊದಲು ಒಂದು ತೊಟ್ಟಿ ಮರಿ ಬೆಳೆಸಿ ಕೊಡಬೇಕು.

"ಇವು ಯಾವ ಓಣಿಗೆ ಹೋಗ್ತಾವ್ರಿ?"

"ಆಚಿ ದಂಡಿ ಓಣಿಗೆ."

"ಕಾಶವ್ವನ ಓಣಿಗೆ?"

"ಆಕಿ ಅತ್ತಿ ಮನ್ಯಾಗೂ ಒಂದು ಹೊಂಡ ಐತಿ."

ಹೊಳೆಪ್ಪನ ಮುಖ ಅರಳಿತು. ಬುತ್ತಿ ಬೇಡ ಅಂದವಳಿಗೆ ಮೀನಾದರೂ ಕಳಿಸಬಹುದಲ್ಲ. ಅಜ್ಜಾರು ಆ ಮುಖವನ್ನು ನೋಡಿದರು.

ತತ್ತಿ ಒಡೆಯಿತು. ತೊಟ್ಟಿಯ ತಳದಲ್ಲಿ ಕೂದಲೆಳೆಯ ತುಂಡುಗಳು ಬಿದ್ದಂತೆ ಸಾವಿರಾರು ಮರಿಗಳು. ಮುರುಗೋಡಿಗೆ ಬೆಳಕು ಒಗ್ಗದು. ತೊಟ್ಟಿಯ ಮೇಲೆ ತೆಂಗಿನ ಗರಿ ಮುಚ್ಚಿದ್ದರು, ಒಳಗೆ ಸದಾ ಸಂಜೆಯಾದಂತೆ ಇರುತ್ತಿತ್ತು. ಹೊಳೆಪ್ಪ ಗರಿ ಸರಿಸಿ ಬಗ್ಗಿ ನೋಡಿದ. ಮರಿಗಳು ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು.

ಅವನಿಗೆ ತಡೆಯಲಾಗಲಿಲ್ಲ. ಒಂದು ಮೊಟ್ಟೆ ಬೇಯಿಸಿ, ಹಳದಿಯನ್ನು ನೀರಲ್ಲಿ ಕಲಸಿ ಸುರಿದೇಬಿಟ್ಟ. ಬೆಳಗಾಗುವಷ್ಟರಲ್ಲಿ ನೀರು ಹುಳಿ ವಾಸನೆ ಹೊಡೆಯಿತು.

ಅಜ್ಜಾರು ಬಂದು ಮೂಸಿ ನೋಡಿದರು.

"ಹಸದಿದ್ವು ಅಂತ ಹಾಕಿದ್ನಿರಿ."

"ಯಾರ ಹಸದಿದ್ರು?"

ಅಜ್ಜಾರು ಅಂಗೈ ಬಟ್ಟಲು ಮಾಡಿ ಒಂದು ಮರಿಯನ್ನು ಎತ್ತಿ, ಅವನ ಕಣ್ಣ ಮುಂದೆ ಹಿಡಿದರು. ಅದರ ಹೊಟ್ಟೆಯ ಕೆಳಗೆ ಹಳದಿ ಬಣ್ಣದ ಪುಟ್ಟ ಚೀಲ ಜೋತಿತ್ತು.

"ನೋಡು. ಬರೂವಾಗ ಬುತ್ತಿ ಕಟಗೊಂಡ ಬಂದಾವ. ಇದು ಕರಗೂತನಕ ಅವಕ್ಕ ಯಾರೂ ಬ್ಯಾಡ."

ಅವತ್ತಿಡೀ ಹೊಳೆಪ್ಪ ನೀರು ಬದಲಾಯಿಸಿದ. ಸೊಂಟ ಬಿದ್ದುಹೋಯಿತು.

ಚೀಲ ಕರಗಿತು. ಮರಿಗಳು ತಳ ಬಿಟ್ಟು ಮೇಲೆ ಕೆಳಗೆ ಅಲೆಯತೊಡಗಿದವು. ಆಗ ಅಜ್ಜಾರು ಅವನನ್ನು ಹಿತ್ತಲಿನ ಗುಂಡಿಗೆ ಕರೆದೊಯ್ದರು. ಸಗಣಿ ಹಾಕಿ ಹಸಿರುಗಟ್ಟಿಸಿದ ನೀರು. ಅದರಲ್ಲಿ ಕಂಡೂ ಕಾಣದಷ್ಟು ಸಣ್ಣ ಹುಳುಗಳು ಕುಪ್ಪಳಿಸುತ್ತಿದ್ದವು. ಹಳೆಯ ಧೋತರದಲ್ಲಿ ನೀರು ಸೋಸಿದರೆ ಬಟ್ಟೆಯಲ್ಲಿ ಮುಷ್ಟಿಯಷ್ಟು ಜೀವ ಮಿಸುಕಾಡುತ್ತಾ ಉಳಿಯುತ್ತಿತ್ತು.

"ಈಗ ಹಾಕು. ಜೀವ ಇದ್ದದ್ದ ಬೇಕು ಅವಕ್ಕ ಈಗ. ಹಲ್ಲಿಲ್ಲದ ಕೂಸಿಗೆ ಹಾಲು ಇದ್ದಂಗ."

ಹೊಳೆಪ್ಪನಿಗೆ ಸ್ವರ್ಗ ಸಿಕ್ಕಿತು.

ಮುಂಜಾನೆ ಮಂಜಿನಲ್ಲಿ ಒಮ್ಮೆ, ಸಂಜೆ ದೀಪ ಹಚ್ಚುವ ಮೊದಲೊಮ್ಮೆ, ಹುಳ ಸೋಸಿ ತಂದು ಗರಿಯ ಕೆಳಗೆ ಸುರಿಯುತ್ತಿದ್ದ. ಸುರಿದೊಡನೆ ಮರಿಗಳ ಗುಂಪು ಮೋಡದ ಹಾಗೆ ತಿರುಗಿ ಬರುತ್ತಿತ್ತು. ದಿನಗಳು ಹೀಗೆ ಒಂದರೊಳಗೊಂದು ಕರಗಿದವು. ಮರಿಗಳಿಗೆ ಮೀಸೆ ಮೂಡಿದವು, ಬಾಯಿಯ ಸುತ್ತ ಎಂಟೆಂಟು. ಮೈ ಕಪ್ಪಾಯಿತು. ಆಮೇಲೆ ಒಂದು ಸಂಜೆ ಅವು ಒಂದೊಂದಾಗಿ ನೀರಿನ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸಿ ಮತ್ತೆ ಇಳಿದವು.

ಹೊಳೆಪ್ಪ ಗಾಬರಿಯಾಗಿ ಓಡಿದ. "ಅಜ್ಜಾರ, ಉಸರಗಟ್ಟಿ ಮ್ಯಾಲ ಬರಾಕ ಹತ್ಯಾವ್ರಿ."

"ಉಸರಗಟ್ಟಿ ಅಲ್ಲ. ಮುರುಗೋಡು ಮೀನು ನೀರನ್ನೂ ಕುಡಿತೈತಿ, ಗಾಳೀನೂ ಕುಡಿತೈತಿ. ಇವತ್ತ ಅವಕ್ಕ ಆಕಾಶ ಗೊತ್ತಾತು."

ಅವತ್ತು ಹೊಳೆಪ್ಪ ತೊಟ್ಟಿಯ ಪಕ್ಕ ಬಹಳ ಹೊತ್ತು ಕೂತ. ಚುಳುಕ್, ಚುಳುಕ್ ಎಂದು ನೀರು ಸದ್ದು ಮಾಡುತ್ತಿತ್ತು. ಹೊಳೆಯ ಮೇಲಿನ ಬೆಳಕು ನಿಧಾನ ಆರಿತು. ಕಾಶವ್ವ ಚಿಕ್ಕವಳಿದ್ದಾಗ ನಿದ್ದೆಯಲ್ಲಿ ತುಟಿ ಚಪ್ಪರಿಸುತ್ತಿದ್ದದ್ದು ನೆನಪಾಗಿ ಅವನಿಗೆ ಕಣ್ಣು ತುಂಬಿತು. ಮಗಳ ನೆನಪು ಮರೆಯಲು ಬಂದವನು ಅದನ್ನೇ ಹಾಸಿ ಹೊದ್ದು ಕೂತಿದ್ದ.

ಒಂದು ಮುಂಜಾನೆ ಅಜ್ಜಾರು ಗಡಿಗೆಯೊಂದನ್ನು ತಂದಿಟ್ಟರು. ಒಳಗೆ ಹಿಟ್ಟು. ಒಣಮೀನು, ಶೇಂಗಾ ಹಿಂಡಿ, ಅಕ್ಕಿ ತೌಡು ಕೂಡಿಸಿ, ಬೇಯಿಸಿ, ಒಣಗಿಸಿ, ಕುಟ್ಟಿ ಜರಡಿ ಹಿಡಿದದ್ದು.

"ಇವತ್ತಿಂದ ಹುಳ ಸ್ವಲ್ಪ ಕಡಿಮಿ ಮಾಡು, ಹಿಟ್ಟು ಸ್ವಲ್ಪ ಕೂಡಸು. ದಿನಾ ಹಂಗ ಮಾಡಕೋತ ಹೋಗು. ಕಡೀಕ ಹುಳ ಬಿಡಸಿಬಿಡು."

"ಯಾಕ್ರಿ? ಹುಳ ಬೇಕಾದಷ್ಟ ಅದಾವ. ಸೋಸಾಕ ನಾ ಇದೀನಿ."

"ಓಣ್ಯಾಗ ನೀ ಇರತೀಯೇನು?"

ಹೊಳೆಪ್ಪ ಗಡಿಗೆಯ ಹಿಟ್ಟನ್ನು ಬೆರಳಲ್ಲಿ ಕೆದಕಿದ.

"ಆ ಹೆಂಗಸ್ರು ಮೀನ ಮಾರಿ ಬಂದು, ಒಲಿ ಹಚ್ಚಿ, ಮಕ್ಕಳನ್ನ ನೋಡಕೊಂಡು, ಮ್ಯಾಲೆ ಒಂದು ಹಿಡಿ ತೌಡು ಹೊಂಡಕ್ಕ ಚೆಲ್ಲತಾರ. ಅದನ್ನ ತಿನ್ನಾಕ ಬಂದ್ರ ಇವು ಬದುಕತಾವ. ಬರಲಿಲ್ಲಂದ್ರ ತುಂಬಿದ ಹೊಂಡದಾಗ ಉಪಾಸ ಸಾಯ್ತಾವ."

ಹೊಳೆಪ್ಪ ಹಿಟ್ಟು ಬೆರೆಸಿದ. ಹುಳ ಕಡಿಮೆ ಮಾಡಿದ. ಕೈ ಹಿಂಜರಿಯಿತು, ಆದರೂ ಮಾಡಿದ. ಮೊದಮೊದಲು ಮರಿಗಳು ಹಿಟ್ಟನ್ನು ಬಾಯಿಗೆ ಹಾಕಿಕೊಂಡು ಉಗಿದವು. ಆಮೇಲೆ ನುಂಗಿದವು. ಗುಂಪಿಗೆ ಗುಂಪೇ ಮೇಲೆ ಬಂದು ಹಿಟ್ಟು ಹೆಕ್ಕತೊಡಗಿತು.

ಕೆಲವು ಮಾತ್ರ ಬರಲಿಲ್ಲ. ತೊಟ್ಟಿಯ ಮೂಲೆಯಲ್ಲಿ ಅಡಗಿಕೊಳ್ಳಲೆಂದು ಇಟ್ಟಿದ್ದ ಒಡಕು ಹಂಚಿನ ಕೆಳಗೆ ಸೇರಿಕೊಂಡು ಸುಮ್ಮನೆ ಇದ್ದವು. ದಿನ ಕಳೆದಂತೆ ಅವುಗಳ ತಲೆ ದೊಡ್ಡದಾಗಿ, ಮೈ ದಾರದಂತಾಯಿತು. ಹಿಟ್ಟು ಮೂತಿಯ ಮುಂದೆಯೇ ಬಿದ್ದರೂ ಮುಟ್ಟುತ್ತಿರಲಿಲ್ಲ.

"ಅಜ್ಜಾರ, ಮೂಲ್ಯಾಗಿನವು ಸಾಯಾಕ ಹತ್ಯಾವ್ರಿ."

"ಕೆಲವು ಸಾಯ್ತಾವ."

"ಹಂಗಂದ್ರ ಹೆಂಗ್ರಿ? ಒಂದು ಹಿಡಿ ಹುಳ ಹಾಕಿದ್ರ ಉಳೀತಾವ."

"ಹಸಿವಿ ಅವಕ್ಕ ಪಾಠ ಹೇಳಾಕ ಹತ್ತೈತಿ. ನಡುವ ಹೋಗಿ ಮಾತಾಡಬ್ಯಾಡ."

ಇಷ್ಟು ಹೇಳಿ ಅಜ್ಜಾರು ಹೊಳೆಯ ಕಡೆ ನಡೆದರು. ಗುರು ಎಂದರೆ ಕರುಣೆ ಇರಬೇಕು, ಇವರಿಗೆ ಕಲ್ಲಿನ ಎದೆ ಎಂದು ಹೊಳೆಪ್ಪ ಮನಸ್ಸಿನಲ್ಲೇ ಬೈದುಕೊಂಡ.

ಆ ಸಂಜೆ ಅಜ್ಜಾರು ಪೂಜೆಗೆ ಕೂತ ಹೊತ್ತು ನೋಡಿ ಅವನು ಹಿತ್ತಲಿಗೆ ಹೋದ. ಹುಳ ಸೋಸಿ ಬಟ್ಟಲಿಗೆ ಹಾಕಿಕೊಂಡು, ಹೆಗಲ ಟವೆಲ್ಲಿನಿಂದ ಮುಚ್ಚಿ ತಂದು, ಹಂಚಿನ ಬಾಯಿಗೇ ಸುರಿದ. ಒಣಕಲು ಮರಿಗಳು ಒಂದು ಕ್ಷಣ ಅಲ್ಲಾಡಲಿಲ್ಲ. ಆಮೇಲೆ ಒಮ್ಮೆಲೇ ಮುಗಿಬಿದ್ದವು.

ಹೊಳೆಪ್ಪನ ಜೀವ ತಣ್ಣಗಾಯಿತು.

ಮರುದಿನವೂ ಹಾಕಿದ. ಅದರ ಮರುದಿನವೂ. ಹಂಚಿನ ಕೆಳಗಿನ ಮರಿಗಳಿಗೆ ಅವನ ನೆರಳಿನ ಗುರುತು ಹತ್ತಿತು. ನೆರಳು ನೀರಿನ ಮೇಲೆ ಬಿದ್ದರೆ ಸಾಕು, ಮೂತಿ ಹೊರಗೆ ಹಾಕಿ ಕಾಯುತ್ತಿದ್ದವು. ಬೇರೆಯವು ಹಿಟ್ಟು ತಿಂದು ನಿಧಾನ ಬೆಳೆದರೆ ಇವು ಹುಳ ತಿಂದು ದಪ್ಪಗಾದವು, ಮೈ ಮಿರುಗಿತು. ಸತ್ತೇ ಹೋಗುತ್ತವೆ ಅಂದಿದ್ದರಲ್ಲ ಅಜ್ಜಾರು, ಬಂದು ನೋಡಲಿ ಎಂದು ಅವನು ಒಳಗೊಳಗೇ ಬೀಗಿದ.

ಇವನ್ನು ಕಾಶವ್ವನ ಕೊಡಕ್ಕೇ ಹಾಕಬೇಕು ಎಂದೂ ಅಂದುಕೊಂಡ.

ಆಮೇಲೆ ತೊಟ್ಟಿ ತೆಳುವಾಗತೊಡಗಿತು.

ಮೊದಲು ಅವನಿಗೆ ಅದು ಗೊತ್ತೇ ಆಗಲಿಲ್ಲ. ಒಂದು ದಿನ ಹಿಟ್ಟು ಚೆಲ್ಲಿದಾಗ ಮೇಲೆ ಬಂದ ಗುಂಪು ಚಿಕ್ಕದಾಗಿ ಕಂಡಿತು. ಮರುದಿನ ಇನ್ನೂ ಚಿಕ್ಕದು. ಸತ್ತ ಮರಿ ತೇಲುತ್ತಿರಲಿಲ್ಲ, ತಳದಲ್ಲೂ ಇರಲಿಲ್ಲ. ಮಿಂಚುಳ್ಳಿಯ ಮೇಲೆ ಅನುಮಾನಪಟ್ಟು ತೊಟ್ಟಿಗೆ ಬಲೆ ಹೊದಿಸಿದ. ನೀರುಹಾವು ಇರಬಹುದೆಂದು ಸುತ್ತಲಿನ ಹುಲ್ಲು ಕಿತ್ತ. ಮರಿಗಳು ಕರಗುತ್ತಲೇ ಹೋದವು.

ಓಣಿಯ ಹೆಂಗಸರು ಕೊಡ ಹಿಡಿದು ಬರುವ ದಿನ ಹತ್ತಿರವಾಗುತ್ತಿತ್ತು. ಖಾಲಿ ಕೊಡ ಹೊತ್ತು ಕಾಶವ್ವ ತಿರುಗಿ ಹೋಗುವುದು ಅವನ ಕಣ್ಣಿಗೆ ಕಟ್ಟಿತು. ವರ್ಷವಿಡೀ ಬೇಡದ ಬುತ್ತಿ ಹೊತ್ತವನು, ಬೇಕಾದದ್ದನ್ನು ಕೊಡಲಾರದೆ ನಿಲ್ಲಬೇಕು. ಅವನಿಗೆ ಊಟ ರುಚಿಸಲಿಲ್ಲ.

"ಅಜ್ಜಾರ, ಮರಿ ಯಾರೋ ಒಯ್ಯಾಕ ಹತ್ಯಾರ್ರಿ."

"ನೋಡಿದಿ?"

"ಇಲ್ರಿ."

"ಹಂಗಾರ ನೋಡು. ಇವತ್ತ ಏನೂ ಹಾಕಬ್ಯಾಡ. ಬಾ, ಇಬ್ಬರೂ ಕುಂದ್ರೂಣು."

ಮಧ್ಯಾಹ್ನ ಇಳಿಯುವ ಹೊತ್ತು. ಅಜ್ಜಾರು ತೆಂಗಿನ ಗರಿಯನ್ನು ಒಂದು ಬದಿ ಸರಿಸಿ, ತೊಟ್ಟಿಯ ಅಂಚಿನಲ್ಲಿ ಕೂತರು. ಹೊಳೆಪ್ಪ ಪಕ್ಕದಲ್ಲಿ ಕೂತ. ಗಾಳಿ ಇರಲಿಲ್ಲ. ಹೊಳೆ ನಿಂತಲ್ಲೇ ನಿಂತಂತಿತ್ತು. ಬೇವಿನ ಎಲೆಯೊಂದು ನೀರಿಗೆ ಬಿದ್ದು, ಎಲ್ಲಿಗೂ ಹೋಗದೆ ತಿರುಗುತ್ತಿತ್ತು. ಅದನ್ನೇ ನೋಡುತ್ತಾ ಅವನಿಗೆ ಕಣ್ಣು ಎಳೆದವು.

"ಈಗ ನೋಡು," ಎಂದರು ಅಜ್ಜಾರು ಮೆಲ್ಲಗೆ.

ಹಂಚಿನ ಕೆಳಗಿನಿಂದ ಅವನ ಮರಿಯೊಂದು ಹೊರಗೆ ಬಂದಿತ್ತು. ಅವನೇ ಉಳಿಸಿದ ಮರಿ. ಬಾಯಿ ವಿಕಾರವಾಗಿ ಅಗಲಿಸಿತ್ತು. ಬಾಯಿಂದ ಹೊರಗೆ ಇನ್ನೊಂದು ಮರಿಯ ಬಾಲ ಚಾಚಿಕೊಂಡಿತ್ತು. ಬಾಲ ಇನ್ನೂ ಬಡಿದುಕೊಳ್ಳುತ್ತಿತ್ತು.

ಹೊಳೆಪ್ಪ ಕೈಯಿಂದ ಬಾಯಿ ಮುಚ್ಚಿಕೊಂಡ.

ಬಾಲ ನಿಂತಿತು. ನಿಧಾನ ಒಳಗೆ ಹೋಯಿತು. ಮರಿ ಮೀಸೆ ಆಡಿಸಿ, ಅವನ ನೆರಳಿನ ಕಡೆ ಮೂತಿ ತಿರುಗಿಸಿ, ಕಾಯುತ್ತಾ ನಿಂತಿತು.

ಆಮೇಲೆ ಹೊಳೆಪ್ಪ ಎಲ್ಲವನ್ನೂ ಹೇಳಿದ. ಪೂಜೆಯ ಹೊತ್ತು, ಬಟ್ಟಲು, ಟವೆಲ್ಲು, ಎಲ್ಲ. ಹೇಳುತ್ತಾ ಅಳು ಬಂತು.

"ಇಂಥಾ ಪಾಪಿ ಮೀನನ್ನ ಉಳಿಸಿದ್ನಲ್ರಿ ನಾನು."

"ಮೀನ ಏನ ಪಾಪ ಮಾಡತೈತಿ? ಮಿಸುಕಾಡೂದ ಅನ್ನ ಅಂತ ಅದಕ್ಕ ನೀ ಕಲಿಸಿದಿ. ನೀ ಹಾಕಿದ ಹುಳ ಸಾಲಲಿಲ್ಲ. ಬಾಜೂಕ ತಮ್ಮ ಮಿಸುಕಾಡಿದ."

"ನನ್ನ ಮ್ಯಾಲ ಸಿಟ್ಟ ಬರಲಿಲ್ಲೇನ್ರಿ ನಿಮಗ?"

ಅಜ್ಜಾರು ಎದ್ದು ಒಂದು ಬಿದಿರಿನ ಜರಡಿ ತಂದರು. ಸಣ್ಣ ಮರಿ ತೂರಿ ಹೋಗುವಂಥ, ದೊಡ್ಡದು ಉಳಿಯುವಂಥ ಕಿಂಡಿಗಳಿದ್ದವು.

"ಸಿಟ್ಟು ಆಮ್ಯಾಲ. ಮೊದಲ ಬ್ಯಾರೆ ಮಾಡು."

ಹೊಳೆಪ್ಪ ತೊಟ್ಟಿಗೆ ಇಳಿದು ಮರಿಗಳನ್ನು ಜರಡಿ ಹಿಡಿದ. ದಪ್ಪನೆಯವನ್ನು ಒಂದೂ ಬಿಡದೆ ಬೇರೆ ತೊಟ್ಟಿಗೆ ಹಾಕಿದ. ಅವು ಅವನ ಬೆರಳನ್ನು ಮೂಸಿ ಮೂಸಿ ನೋಡಿದವು.

"ಇವನ್ನ ಏನ ಮಾಡ್ಲ್ರಿ? ಹೊಳಿಗೆ ಬಿಟ್ಟು ಬರಲೇನು?"

"ನೀನ ಕೆಡಿಸಿದಿ. ನೀನ ಅವಕ್ಕ ಹಿಟ್ಟು ತಿನ್ನೂದ ಕಲಿಸು."

ಕಲಿಸುವುದು ಸುಲಭವಾಗಿರಲಿಲ್ಲ. ಹೊಳೆಪ್ಪ ಹಿಟ್ಟು ಚೆಲ್ಲಿ ಅಂಚಿನಲ್ಲಿ ಬಗ್ಗಿ ನಿಲ್ಲುತ್ತಿದ್ದ. ಮರಿಗಳು ಹಿಟ್ಟನ್ನು ಕಣ್ಣೆತ್ತಿಯೂ ನೋಡದೆ ಅವನ ನೆರಳಿನ ಕೆಳಗೆ ಒತ್ತೊತ್ತಾಗಿ ಕಾಯುತ್ತಿದ್ದವು. ಹಿಟ್ಟು ನೆನೆದು ತಳ ಸೇರುತ್ತಿತ್ತು. ಅವನು ತಿನ್ನಿರಪ್ಪಾ ಎಂದು ಬೇಡಿಕೊಳ್ಳುತ್ತಿದ್ದ. ಬೆರಳಿನಿಂದ ಹಿಟ್ಟನ್ನು ಅಲ್ಲಾಡಿಸಿ ತೋರಿಸುತ್ತಿದ್ದ. ಅವು ಬೆರಳನ್ನೇ ಕಚ್ಚಿದವು.

ಅಜ್ಜಾರು ಹಿಂದೆ ಬಂದು ನಿಂತು ನೋಡಿದರು.

"ಹಿಟ್ಟು ಹಾಕೋದು ಕಲತಿ. ಇನ್ನ ಒಂದು ಉಳದೈತಿ."

"ಏನ್ರಿ?"

"ಹಾಕಿ ಬರೋದು."

"ಬಂದ್ರ, ತಿಂದ್ವೋ ಇಲ್ಲೋ ಹೆಂಗ ಗೊತ್ತಾಗಬೇಕ್ರಿ?"

"ನಿನಗ ಗೊತ್ತಾಗೋದು ಅವಕ್ಕೇನ ಬೇಕಾಗೈತಿ?"

ಮರುದಿನ ಹೊಳೆಪ್ಪ ಹಿಟ್ಟು ಚೆಲ್ಲಿ, ಗರಿ ಮುಚ್ಚಿ, ತಿರುಗಿ ನಡೆದ. ಅಷ್ಟು ದೂರ ನಡೆಯುವುದು ಅವನಿಗೆ ಬೆಟ್ಟ ಹತ್ತಿದಂತಾಯಿತು. ಹೊಳೆಯ ಮೆಟ್ಟಿಲಿನ ಮೇಲೆ ತೊಟ್ಟಿಗೆ ಬೆನ್ನು ಮಾಡಿ ಕೂತ. ಆಚೆ ದಂಡೆಯ ಓಣಿಯಲ್ಲಿ ಒಲೆಯ ಹೊಗೆ ಏಳುತ್ತಿತ್ತು. ಯಾವ ಹೊಗೆ ಯಾವ ಮನೆಯದು ತಿಳಿಯುವಂತಿರಲಿಲ್ಲ. ಮಂಜು ಬಂದು ಹೊಗೆಯನ್ನೂ ಓಣಿಯನ್ನೂ ಮುಚ್ಚಿತು.

ಎದ್ದು ಹೋಗಿ ಗರಿ ಸರಿಸಿ ನೋಡಬೇಕೆಂದು ಕಾಲು ಎಳೆಯುತ್ತಿದ್ದವು. ಎರಡೂ ಕೈಯಿಂದ ಮೊಣಕಾಲು ಹಿಡಿದು ಕೂತ.

ಹೀಗೆ ಎಷ್ಟು ದಿನ ಕೂತನೋ ಅವನಿಗೇ ನೆನಪಿಲ್ಲ. ಕೂತಲ್ಲೇ ಮಂಪರು ಬರುತ್ತಿತ್ತು. ಮಂಪರಿನಲ್ಲಿ ಕಾಶವ್ವ ತಾನು ಹುಟ್ಟಿದಾಗಿನಷ್ಟೇ ಚಿಕ್ಕವಳಾಗಿ ನೀರಿನ ಮೇಲೆ ಕೂತು, ಅವನ ಕಡೆ ನೋಡದೆ ಏನನ್ನೋ ಉಣ್ಣುತ್ತಿದ್ದಳು. ಕರೆದರೆ ಕತ್ತೆತ್ತುತ್ತಿರಲಿಲ್ಲ. ಅವಳ ಪಾಡಿಗೆ ಅವಳು ಉಣ್ಣುತ್ತಿದ್ದಳು. ಎಚ್ಚರವಾದಾಗ ಕೆನ್ನೆ ಒದ್ದೆಯಾಗಿರುತ್ತಿತ್ತು. ಅಳುವೋ ಮಂಜೋ ಅವನು ಒರೆಸಿಕೊಳ್ಳಲಿಲ್ಲ.

ಒಂದು ಸಂಜೆ ಬೆನ್ನ ಹಿಂದೆ ಚುಳುಕ್ ಎಂದಿತು.

ಗಾಳಿ ಕುಡಿಯಲು ಬಂದಿರಬೇಕು ಎಂದುಕೊಂಡ. ಮತ್ತೆ ಚುಳುಕ್. ಆಮೇಲೆ ಹುರಿಗಡಲೆ ಸುರಿದಂತೆ ಒಂದೇ ಸಮನೆ ಸದ್ದು. ಹಿಟ್ಟಿಗೆ ಮುಗಿಬಿದ್ದ ಮೀನಿನ ಸದ್ದು ಅವನಿಗೆ ಗೊತ್ತಿರಲಿಲ್ಲವೇ?

ಅವನು ತಿರುಗಿ ನೋಡಲಿಲ್ಲ. ಎದೆ ತುಂಬಿ ಬಂತು, ನಗುವೂ ಬಂತು. ಆದರೂ ನೋಡಲಿಲ್ಲ.

ಹಂಚುವ ದಿನ ಬಂತು. ಓಣಿಯ ಹೆಂಗಸರು ದೋಣಿಯಲ್ಲಿ ಹೊಳೆ ದಾಟಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಂದರು. ಅಜ್ಜಾರು ತೊಟ್ಟಿಯ ಪಕ್ಕ ಕೂತು, ಸೌಟಿನಂಥ ಬಲೆಯಿಂದ ಹೊಳೆಪ್ಪ ಮರಿ ಎತ್ತಿ ಕೊಡಕ್ಕೆ ಬಿಡುವುದನ್ನು ನೋಡುತ್ತಿದ್ದರು. ಸಾಲಿನ ಕೊನೆಗೆ ಕಾಶವ್ವ ನಿಂತಿದ್ದಳು.

ಅಪ್ಪನನ್ನು ಅಲ್ಲಿ ಕಂಡು ಅವಳಿಗೆ ಅಚ್ಚರಿಯಾಗಲಿಲ್ಲ. ಇಂಥ ಸುದ್ದಿ ಹೊಳೆ ದಾಟಲು ದೋಣಿ ಬೇಕಾಗುವುದಿಲ್ಲ.

ಕೊಡ ಮುಂದೆ ಹಿಡಿದಳು. ಹೊಳೆಪ್ಪ ಎಲ್ಲರಿಗೆ ಹಾಕಿದಷ್ಟೇ ಹಾಕಿದ. ಬಲೆ ಇನ್ನೊಮ್ಮೆ ನೀರಿಗೆ ಇಳಿಯಿತು, ಖಾಲಿಯೇ ಮೇಲೆ ಬಂತು. ಅವನೇ ತಡೆದುಕೊಂಡ.

"ಹ್ವಾದ ವರ್ಷಕ್ಕಿಂತ ಕಡಿಮಿ ಅದಾವಂತ, ನಮ್ಮತ್ತಿ ಅಂತಿದ್ಲು."

"ಹೌದವ್ವ. ನನ್ನ ಕೈಯಿಂದನ ಕಡಿಮಿ ಆದ್ವು. ಬ್ಯಾಡ ಅಂದ್ರೂ ಹಾಕಿದ್ನಿ."

ಕಾಶವ್ವ ಅವನ ಮುಖ ನೋಡಿದಳು. ಕೊಡವನ್ನು ಕೆಳಗಿಟ್ಟಳು.

"ಬರಬ್ಯಾಡ ಅಂದಿದ್ಕ ಸಿಟ್ಟ ಬಂದಿತ್ತೇನಪ್ಪಾ?"

"ಸಿಟ್ಟಲ್ಲವ್ವ. ನನ್ನ ಜೀವಾನ ಕಿತ್ತಂಗಾತು."

"ನನ್ನ ಮಾತ ಕೇಳು. ಮುಂಜಾನೆ ಎದ್ದು ಹಿಟ್ಟು ನಾದಿ, ಒಲಿ ಹಚ್ಚಿ, ಒಂದೆರಡು ರೊಟ್ಟಿ ಬಡದಿರತಿದ್ದೆ, ಅಷ್ಟರಾಗ ನೀ ಬುತ್ತಿ ಹಿಡಕೊಂಡು ಬಾಗಲದಾಗ ನಿಂತಿರತಿದ್ದಿ. ನಿನ್ನ ರೊಟ್ಟಿ ಮುಂದ ನನ್ನ ರೊಟ್ಟಿ ಯಾರ ಉಣ್ತಾರ? ದಪ್ಪ ಆಕ್ಕಿದ್ವು, ಹರೀತಿದ್ವು. ಎಲ್ಲಾರೂ ನಿನ್ನ ಬುತ್ತಿ ಬಿಚ್ಚತಿದ್ರು. ನನ್ನ ರೊಟ್ಟಿ ಎಮ್ಮಿಗೆ ಹೋಗತಿದ್ವು. ಒಂದು ವರ್ಷ ಆ ಮನ್ಯಾಗ ಇದ್ದೆ, ನನ್ನ ಕೈಯಾಗಿನ ಊಟ ಯಾರೂ ಉಣಲಿಲ್ಲ."

ಹೊಳೆಪ್ಪನ ಕೈಯಲ್ಲಿದ್ದ ಬಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀನೂ ಉಣಲಿಲ್ಲ," ಎಂದಳು. "ಒಲಿ ಉರಿಯಾಕ ಹತ್ತೈತಿ ಅಂತ ಹೊಂಟ ಬಿಡತಿದ್ದಿ. ಒಂದು ದಿನಾನೂ ಒಳಗ ಬರಲಿಲ್ಲ."

ಅವನಿಗೆ ನಾಚಿಕೆಯಾಯಿತು. ಉಣ್ಣುವವರ ಹೊಟ್ಟೆ ನೋಡಿ ಬದುಕಿದವನು, ಮಗಳ ಒಲೆಯನ್ನು ಒಂದು ದಿನವೂ ನೋಡಿರಲಿಲ್ಲ.

"ಈಗ?" ಎಂದ ತಡೆದು.

"ಈಗ ಉಣ್ತಾರ. ಮೊದಲ ಮೊದಲ ಮುಖ ಕಿವಿಚಿ ಉಂಡ್ರು. ಮನ್ನೆ ನಮ್ಮತ್ತಿ ಇನ್ನೊಂದು ರೊಟ್ಟಿ ತಾ ಅಂದ್ಲು." ಇಷ್ಟು ಹೇಳುವಾಗ ಅವಳ ಮುಖದಲ್ಲಿ ನಗು ಮೂಡಿತು. "ಹೇಳಿ ಕಳಸ್ತೀನಿ ಅಂದಿದ್ನಲ್ಲ. ಕಳಸೂದ್ಯಾಕ, ನಾನ ಹೇಳತೀನಿ. ನಾಳಿಗೆ ಮಧ್ಯಾಹ್ನ ಬಾ. ಒಳಗ ಬಾ."

ಕೊಡ ಸೊಂಟಕ್ಕೇರಿಸಿ ದೋಣಿಯ ಕಡೆ ನಡೆದಳು. ಹೊಳೆಪ್ಪ ದೋಣಿ ಮಂಜಿನಲ್ಲಿ ಕಾಣದಾಗುವ ತನಕ ನಿಂತಿದ್ದ.

ಮರುದಿನ ಅವನು ಬೇಗನೆ ಮಿಂದು, ಮಡಿಸಿಟ್ಟ ಧೋತರ ಉಟ್ಟ. ಅಜ್ಜಾರ ಮುಂದೆ ಬಂದು ಕೈ ಮುಗಿದ.

"ಹೋಗಿ ಬರತೀನ್ರಿ. ಮಂತ್ರದ ಮಾತು ಬಂದ ಮ್ಯಾಲ ಕೇಳತೀನಿ."

"ಆತು. ಬರಿಗೈಲೆ ಹೊಂಟೀಯಲ್ಲ?"

"ಬರಿಗೈಲೇ ಹೊಂಟೀನ್ರಿ," ಎಂದ ಹೊಳೆಪ್ಪ. ಹೇಳಿದ ಮೇಲೆ ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ದೋಣಿ ಬರಲು ಹೊತ್ತಿತ್ತು. ಬೇವಿನ ಮರದ ಕೆಳಗೆ ಬೆಳಗಿನ ಊಟಕ್ಕೆ ಆಶ್ರಮದಲ್ಲಿದ್ದವರೆಲ್ಲ ಕೂತರು. ಜೋಳದ ನುಚ್ಚು, ಮಜ್ಜಿಗೆ, ಉಪ್ಪಿನಕಾಯಿ. ಆ ಆಶ್ರಮದಿಂದ ಯಾರೂ ಹಸಿದು ಹೋದದ್ದಿಲ್ಲ, ದಾರಿ ತಪ್ಪಿ ಬಂದ ನಾಯಿ ಕೂಡ. ಹೊಳೆಪ್ಪ ಎಲ್ಲರಿಗಿಂತ ಮೊದಲು ಕೂತು, ತಟ್ಟೆ ತುಂಬ ಹಾಕಿಸಿಕೊಂಡ. ಅದರ ಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡ.

"ಭಾರಿ ಹಸದೀಯಲ್ಲ," ಎಂದರು ಅಜ್ಜಾರು.

"ಹಂಗಲ್ರಿ," ಎಂದ ಹೊಳೆಪ್ಪ ತಗ್ಗಿದ ದನಿಯಲ್ಲಿ. "ಆಕಿ ಇನ್ನೂ ಕಲಿಯಾಕ ಹತ್ಯಾಳ. ಇಲ್ಲಿ ಹೊಟ್ಟಿ ತುಂಬ ಉಂಡ ಹೋದ್ರ, ಅಲ್ಲಿ ಒಂದು ತುಂಡು ಮುರದು ಬಾಯಾಗ ಹಾಕ್ಕೊಂಡ್ರ ಆತು. ಆಕಿಗೂ ತ್ರಾಸ ಇಲ್ಲ."

ಮೊದಲ ತುತ್ತು ಬಾಯಿಯ ಹತ್ತಿರ ಬಂದಿತ್ತು. ಅಜ್ಜಾರು ಎದ್ದು ಬಂದು, ಅವನ ಕೈಯಿಂದ ತುತ್ತನ್ನು ತೆಗೆದು ತಟ್ಟೆಗೆ ಹಾಕಿದರು. ಆಮೇಲೆ ತಟ್ಟೆಯನ್ನೇ ಎತ್ತಿಕೊಂಡರು.

ಹೊಳೆಪ್ಪ ಖಾಲಿ ಕೈ ಹಾಗೇ ಹಿಡಿದುಕೊಂಡು ಮೇಲೆ ನೋಡಿದ.

"ಹಸಗೊಂಡ ಹೋಗು, ತಮ್ಮಾ. ಅಪ್ಪ ಹಸದ ಬಂದಾನ ಅಂತ ಆಕಿ ಒಂದ ಸಲ ನೋಡಲಿ."